ಮಾರ್ಕ್ಸ್ ಕಾರಣನಾ, ಮೊಬೈಲ್ ಕಾರಣನಾ? ಮಕ್ಕಳ ನೋವಿನ ಲೆಕ್ಕ ಒಂದೇ ಸಾಲಿನಲ್ಲಿ ಮುಗಿಯಲ್ಲ

ಅಬ್ಬಿಗೆರೆ: ಎಸ್‌ಎಸ್‌ಎಲ್‌ಸಿ ಫಲಿತಾಂಶ ಬರುವ ದಿನ ಮುಖ್ಯರಸ್ತೆಯ ಜೆರಾಕ್ಸ್ ಅಂಗಡಿ, ಸೈಬರ್ ಸೆಂಟರ್‌ಗಳ ಮುಂದೆ ಮಕ್ಕಳು, ಹೆತ್ತವರ ಸಣ್ಣ ಗುಂಪು ಇದ್ದೇ ಇರುತ್ತದೆ. ಕೈಯಲ್ಲಿ ಮೊಬೈಲ್ ಇದ್ದರೂ ಮಾರ್ಕ್ಸ್ ಪ್ರಿಂಟ್ ತೆಗೆಸಬೇಕಲ್ಲ. ಮರುದಿನ ಪೇಪರ್‌ನಲ್ಲಿ ಎರಡು ಬಗೆಯ ಸುದ್ದಿ. ಮುಂದಿನ ಪುಟದಲ್ಲಿ ಟಾಪರ್‌ಗಳ ಬಾಯಿಗೆ ಸಿಹಿ ಇಡುವ ಫೋಟೊ. ಒಳಪುಟದ ಮೂಲೆಯಲ್ಲಿ ‘ಫೇಲಾಗಿದ್ದಕ್ಕೆ ವಿದ್ಯಾರ್ಥಿ ಆತ್ಮಹತ್ಯೆ’ ಅನ್ನುವ ನಾಲ್ಕು ಸಾಲು. ವರ್ಷದ ಬೇರೆ ದಿನಗಳಲ್ಲಿ ಅದೇ ಮೂಲೆಯಲ್ಲಿ ‘ಮೊಬೈಲ್ ಕೊಡಿಸದ್ದಕ್ಕೆ’, ‘ತಾಯಿ ಬೈದಿದ್ದಕ್ಕೆ’ ಅಂತ ಬರುತ್ತದೆ.

ಈ ‘ದ್ದಕ್ಕೆ’ ಅನ್ನುವ ಎರಡಕ್ಷರದಲ್ಲೇ ಎಲ್ಲ ಎಡವಟ್ಟು ಇರುವುದು. ಓದಿದವರು ಒಂದು ಕ್ಷಣ ಅಯ್ಯೋ ಅಂತಾರೆ, ಕಾರಣ ಗೊತ್ತಾಯ್ತಲ್ಲ ಅಂತ ಪುಟ ತಿರುಗಿಸ್ತಾರೆ. ಮನೆಗೆ ಹೋಗಿ ಮಗನಿಗೆ ಬೈಯೋಕೂ ಭಯ, ಬೈಯದೇ ಇರೋಕೂ ಭಯ. ಆದರೆ ಹದಿಹರೆಯದ ಮಕ್ಕಳು ತಮ್ಮನ್ನು ತಾವೇ ನೋಯಿಸಿಕೊಳ್ಳುವುದರ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದವರು ಹೇಳುವ ಲೆಕ್ಕ ಬೇರೆ. ಕಣ್ಣಿಗೆ ಕಂಡ ಕಾರಣದ ಹಿಂದೆ ಕಾಣದ ಕಾರಣಗಳು ಸಾಲುಗಟ್ಟಿ ನಿಂತಿರುತ್ತವೆ. ಅವನ್ನು ಎಣಿಸದಿದ್ದರೆ ಉತ್ತರ ತಪ್ಪುತ್ತದೆ, ಉತ್ತರ ತಪ್ಪಿದರೆ ಔಷಧಿಯೂ ತಪ್ಪುತ್ತದೆ.

ಮೂರು ಲಕ್ಷ ಮಕ್ಕಳ ಸಂಜೆ

2025ರ ಮೇ 2ರಂದು ಬಂದ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರ ಫಲಿತಾಂಶ ನೆನಪಿಸಿಕೊಳ್ಳಿ. ಪರೀಕ್ಷೆ ಬರೆದವರು 8,42,173. ಪಾಸಾದವರು 5,24,984. ಅಂದರೆ ಶೇ. 62.34. ಹಿಂದಿನ ವರ್ಷ ಶೇ. 73.40 ಇತ್ತು. ಒಂದೇ ದಿನ ರಾಜ್ಯದಲ್ಲಿ 3 ಲಕ್ಷಕ್ಕೂ ಹೆಚ್ಚು ಮಕ್ಕಳು ಫೇಲು.

ಆ ಮೂರು ಲಕ್ಷ ಮಕ್ಕಳಲ್ಲಿ ಹೆಚ್ಚುಕಮ್ಮಿ ಎಲ್ಲರೂ ಅತ್ತರು, ಬೈಸಿಕೊಂಡರು, ಊಟ ಬಿಟ್ಟರು, ಮರುದಿನ ಎದ್ದರು. ಬಹಳಷ್ಟು ಮಂದಿ ಪರೀಕ್ಷೆ-2ಕ್ಕೆ ಫೀಸು ಕಟ್ಟಿದರು. ಫೇಲಾಗುವುದೊಂದೇ ಕಾರಣವಾಗಿದ್ದರೆ ಈ ಮಾತು ಹೇಳಲು ಬರುತ್ತಿರಲಿಲ್ಲ. ಹಾಗಾದರೆ ಕೇಳಬೇಕಾದ ಪ್ರಶ್ನೆ ‘ಫೇಲಾದನಾ?’ ಅಂತ ಅಲ್ಲ. ‘ಅದೇ ಫೇಲು ಒಬ್ಬನಿಗೆ ಒಂದು ವಾರದ ಬೇಜಾರು, ಇನ್ನೊಬ್ಬನಿಗೆ ದಾರಿಯೇ ಮುಚ್ಚಿದ ಹಾಗೆ ಕಂಡಿದ್ದು ಯಾಕೆ?’ ಅಂತ.

ಹಾಗಂತ ಫೇಲು ಏನೂ ಅಲ್ಲ ಅಂತಲ್ಲ. ತುಂಬಿದ ಕೊಡಕ್ಕೆ ಕೊನೆಯ ತಂಬಿಗೆ ನೀರು ಅದೇ ಇರಬಹುದು. ಕೊಡ ಮೊದಲೇ ತುಂಬಿದ್ದು ಯಾವುದರಿಂದ ಅನ್ನೋದನ್ನ ಕೇಳಬೇಕು.

ಪೊಲೀಸ್ ಫಾರಂನ ಒಂದು ಕಾಲಂ

‘ಕಾರಣ’ ಎಲ್ಲಿಂದ ಬರುತ್ತದೆ ಅಂತ ನೋಡಿದರೆ ಸಮಸ್ಯೆಯ ಬುಡ ಸಿಗುತ್ತದೆ. ಇಂಥ ಸಾವು ನಡೆದಾಗ ಠಾಣೆಯಲ್ಲಿ ಯುಡಿಆರ್, ಅಂದರೆ ಅಸ್ವಾಭಾವಿಕ ಮರಣ ವರದಿ ದಾಖಲಾಗುತ್ತದೆ. ಮೊದಲು ಸಿಆರ್‌ಪಿಸಿ 174, 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ 194. ದುಃಖದಲ್ಲಿ ಕುಸಿದು ಕೂತ ಅಪ್ಪ ಅಮ್ಮ ಆ ಹೊತ್ತಿಗೆ ತೋಚಿದ ಮಾತು ಹೇಳುತ್ತಾರೆ. ಪೊಲೀಸರು ನೋಡುವುದು ಇದರಲ್ಲಿ ಬೇರೆಯವರ ಕೈವಾಡ ಇದೆಯಾ ಅಂತ. ಮಗುವಿನ ಮನಸ್ಸಿನ ಇತಿಹಾಸ ಬರೆಯುವುದು ಅವರ ಕೆಲಸವಲ್ಲ. ಆ ವರದಿಗಳೇ ಮುಂದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ, ಅಂದರೆ ಎನ್‌ಸಿಆರ್‌ಬಿ ಪಟ್ಟಿಯಾಗುತ್ತವೆ. ಅಲ್ಲಿ ಒಂದು ಸಾವಿಗೆ ಒಂದು ಕಾರಣ.

ಆ ಪಟ್ಟಿಯಲ್ಲೂ ಪರೀಕ್ಷೆ ಮೊದಲ ಸ್ಥಾನದಲ್ಲಿಲ್ಲ. 2021ರಲ್ಲಿ ದೇಶದಲ್ಲಿ 18 ವರ್ಷದೊಳಗಿನ 10,732 ಮಕ್ಕಳು ಜೀವ ಕಳೆದುಕೊಂಡರು. ಅದರಲ್ಲಿ ‘ಪರೀಕ್ಷೆಯಲ್ಲಿ ಅನುತ್ತೀರ್ಣ’ ಅಂತ ದಾಖಲಾಗಿದ್ದು 864, ನೂರಕ್ಕೆ ಎಂಟು. ‘ಕೌಟುಂಬಿಕ ಸಮಸ್ಯೆ’ ಅಂತ ದಾಖಲಾಗಿದ್ದು 3,233, ನೂರಕ್ಕೆ ಮೂವತ್ತು. ಪ್ರೇಮ ಪ್ರಕರಣ 1,495. ಕಾಯಿಲೆ 1,408.

ಇನ್ನೂ ಒಂದು ಹೆಜ್ಜೆ ಹೋಗಿ ನೋಡಿ. ಮನೆಯಲ್ಲಿ ದಿನಾ ಜಗಳ, ಅದರಿಂದ ಓದು ಹಿಂದೆ ಬಿತ್ತು, ಅದರಿಂದ ಫೇಲು. ಇದನ್ನು ಯಾವ ಕಾಲಂನಲ್ಲಿ ಬರೆಯುವುದು? ಫೇಲು ಅಂತ ಬರೆದರೆ ಜಗಳ ಮಾಯ. ಜಗಳ ಅಂತ ಬರೆದರೆ, ಒಂದು ವರ್ಷದಿಂದ ಆ ಮಗುವಿಗೆ ಇದ್ದ ಖಿನ್ನತೆ ಮಾಯ. ಒಂದೇ ಕಾಲಂ ಇರುವ ಫಾರಂ ಎಷ್ಟೇ ಪ್ರಾಮಾಣಿಕವಾಗಿ ತುಂಬಿದರೂ ಅರ್ಧ ಸತ್ಯವನ್ನೇ ಹೇಳುತ್ತದೆ.

ಬಜ್ಜಿ, ಛತ್ರಿ ಮತ್ತು ಮಳೆ

ಸಂಶೋಧಕರು ‘ಹಿನ್ನೆಲೆ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು’ ಅಂತ ಹೇಳುವುದನ್ನು ಅಂಗಡಿ ಇಟ್ಟವರು ಬೇಗ ಹಿಡಿಯುತ್ತಾರೆ. ಮೆಣಸಿನಕಾಯಿ ಬಜ್ಜಿ ಜಾಸ್ತಿ ಖರ್ಚಾದ ದಿನ ಛತ್ರಿಯೂ ಜಾಸ್ತಿ ಖರ್ಚಾಗುತ್ತದೆ. ಬಜ್ಜಿ ತಿಂದಿದ್ದಕ್ಕೆ ಛತ್ರಿ ಕೊಂಡರು ಅಂತ ಯಾರೂ ಹೇಳಲ್ಲ. ಎರಡರ ಹಿಂದೆಯೂ ಮಳೆ ಇದೆ. ಲೆಕ್ಕದ ಪುಸ್ತಕದಲ್ಲಿ ಮಳೆಗೆ ಕಾಲಂ ಇಲ್ಲದಿದ್ದರೆ ಬಜ್ಜಿಗೂ ಛತ್ರಿಗೂ ನೆಂಟಸ್ತನ ಇದ್ದ ಹಾಗೇ ಕಾಣುತ್ತದೆ.

ಮೊಬೈಲ್ ವಿಷಯವೂ ಹೀಗೇ. ರಾತ್ರಿ ಎರಡು ಗಂಟೆವರೆಗೆ ಮೊಬೈಲ್ ನೋಡುವ ಮಕ್ಕಳಲ್ಲಿ ಬೇಸರ, ಆತಂಕ ಹೆಚ್ಚು ಕಂಡಿತು ಅಂತಿಟ್ಟುಕೊಳ್ಳಿ. ಮೊಬೈಲ್ ನಿದ್ದೆ ಕೆಡಿಸಿ ಬೇಸರ ತಂದಿರಬಹುದು. ಮೊದಲೇ ಒಂಟಿಯಾಗಿದ್ದ ಮಗು ಮೊಬೈಲ್ ಹಿಡಿದು ಕೂತಿರಲೂಬಹುದು. ಪಕ್ಕದ ರೂಮಿನ ಜಗಳ ಕೇಳಬಾರದು ಅಂತ ಇಯರ್‌ಫೋನ್ ಹಾಕಿಕೊಂಡಿರಲೂಬಹುದು. ಮೂರರಲ್ಲೂ ಹೊರಗಿನಿಂದ ಕಾಣುವುದು ಒಂದೇ ದೃಶ್ಯ. ಮಾಡಬೇಕಾದ ಕೆಲಸ ಮಾತ್ರ ಮೂರು ಬೇರೆ.

ಬೆಂಗಳೂರಲ್ಲೇ ನಡೆದ ಅಧ್ಯಯನ

ಈ ಕಷ್ಟಕ್ಕೆ ಒಂದು ದಾರಿ ಹುಡುಕಿದವರು ನಮ್ಮ ನಿಮ್ಹಾನ್ಸ್‌ನವರೇ. ಡಾ. ಜಿ. ಗುರುರಾಜ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೆಂಗಳೂರಿನಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ 269 ಜನರ ಬದುಕಿನ ವಿವರ ಸಂಗ್ರಹಿಸಿದರು. ಅಲ್ಲಿಗೇ ನಿಲ್ಲಲಿಲ್ಲ. ಹೋಲಿಕೆಗೆ ಬದುಕಿರುವ 269 ಜನರ ವಿವರವನ್ನೂ ಪಕ್ಕದಲ್ಲಿಟ್ಟರು. ತೀರಿಕೊಂಡವರ ಮನೆಯಲ್ಲಿ ಸಾಲ ಇತ್ತು ಅಂದರೆ ಸಾಲದು. ಬದುಕಿರುವವರ ಮನೆಯಲ್ಲೂ ಅಷ್ಟೇ ಸಾಲ ಇತ್ತಾ ಅಂತ ನೋಡಿದರೆ ಮಾತ್ರ ಸಾಲದ ತೂಕ ಗೊತ್ತಾಗುವುದು.

ಅದು ಮಕ್ಕಳ ಮೇಲಷ್ಟೇ ನಡೆದ ಅಧ್ಯಯನವಲ್ಲ. ಆದರೆ ಅಲ್ಲಿ ಎದ್ದು ಕಂಡ ಅಂಶಗಳನ್ನು ನೋಡಿ: ಹಿಂದೊಮ್ಮೆ ಪ್ರಯತ್ನ ಮಾಡಿದ್ದು, ಮನೆಯವರ ನಡುವಿನ ಕಲಹ, ಕುಡಿತ, ಮಾನಸಿಕ ಕಾಯಿಲೆ, ದಿಢೀರ್ ಅಂತ ಆರ್ಥಿಕವಾಗಿ ನೆಲ ಕಚ್ಚಿದ್ದು, ಮನೆಯೊಳಗಿನ ಹಿಂಸೆ, ನಿರುದ್ಯೋಗ. ಇವು ಒಂದರ ಮೇಲೊಂದು ಪೇರಿಸಿಕೊಂಡು, ಮತ್ತೆ ಮತ್ತೆ ಬಂದು ಜನರನ್ನು ಆ ಅಂಚಿಗೆ ತಳ್ಳುತ್ತವೆ ಅನ್ನುವುದು ಅಧ್ಯಯನದ ಸಾರ. ‘ದ್ದಕ್ಕೆ’ ಅನ್ನುವ ಎರಡಕ್ಷರಕ್ಕೆ ಅಲ್ಲಿ ಜಾಗವಿಲ್ಲ.

ಗಾಯ ಮಾಡಿಕೊಂಡ ಮಕ್ಕಳು ಮುಂದೆ ಏನಾಗ್ತಾರೆ?

ಹೆತ್ತವರನ್ನು ರಾತ್ರಿಯಿಡೀ ಎಚ್ಚರವಿಡುವ ಪ್ರಶ್ನೆ ಇದು. ಮಗಳು ತನ್ನನ್ನು ತಾನೇ ನೋಯಿಸಿಕೊಂಡಿದ್ದು ಗೊತ್ತಾಯ್ತು. ಅವಳ ಜೀವನ ಮುಗಿದ ಹಾಗೇನಾ?

ಇದಕ್ಕೆ ಉತ್ತರ ಬೇಕಾದರೆ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಬೇಕು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಹಾಗೆ ಮಾಡಿದರು. 1992ರಲ್ಲಿ ಶುರುವಾದ ಅಧ್ಯಯನ, 44 ಶಾಲೆಗಳ 1,943 ಮಕ್ಕಳು. ನೂರಕ್ಕೆ ಸುಮಾರು ಎಂಟು ಮಕ್ಕಳು ಹದಿಹರೆಯದಲ್ಲಿ ತಮ್ಮನ್ನು ನೋಯಿಸಿಕೊಂಡಿದ್ದಾಗಿ ಹೇಳಿದರು. ಆ ಮಕ್ಕಳೇ ಇಪ್ಪತ್ತು ದಾಟಿದ ಮೇಲೆ ಕೇಳಿದಾಗ, ಹತ್ತರಲ್ಲಿ ಒಂಬತ್ತು ಮಂದಿ ಅದನ್ನು ಬಿಟ್ಟಿದ್ದರು. ಈ ಫಲಿತಾಂಶ ಬಂದಿದ್ದು 2012ರಲ್ಲಿ.

2017ರಲ್ಲಿ ಅದರ ಮುಂದಿನ ಭಾಗ ಬಂತು. ಆಗ ಅವರಿಗೆ 35 ವರ್ಷ. ಹದಿಹರೆಯದಲ್ಲಿ ನೋಯಿಸಿಕೊಂಡಿದ್ದವರಲ್ಲಿ ಮಾನಸಿಕ ತೊಂದರೆ, ದಿನಾ ಸಿಗರೇಟು, ಮಾದಕ ವಸ್ತು ಬಳಕೆ ಉಳಿದವರಿಗಿಂತ ಹೆಚ್ಚು ಕಂಡಿತು. ಇಷ್ಟನ್ನೇ ಓದಿದರೆ ‘ನೋಡಿ, ಗಾಯ ಮಾಡಿಕೊಂಡವರ ಬದುಕು ಹಾಳಾಯ್ತು’ ಅಂತ ತಲೆಬರಹ ಕೊಡಬಹುದಿತ್ತು. ಆದರೆ ಸಂಶೋಧಕರು ಇನ್ನೊಂದು ಲೆಕ್ಕ ಹಾಕಿದರು. ಹದಿಹರೆಯದಲ್ಲೇ ಈ ಮಕ್ಕಳಿಗೆ ಖಿನ್ನತೆ, ಆತಂಕ ಇತ್ತಾ? ಆಗಲೇ ಸಿಗರೇಟು, ಕುಡಿತ ಶುರುವಾಗಿತ್ತಾ? ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ಮತ್ತೆ ನೋಡಿದಾಗ ಸಂಬಂಧಗಳ ಬಹುಪಾಲು ಅದರಿಂದಲೇ ಅರ್ಥವಾಗಿಬಿಟ್ಟಿತು. ಅಂದರೆ ಮುಂದಿನ ಕಷ್ಟದ ಬೇರು ಗಾಯದಲ್ಲಿ ಅಷ್ಟಾಗಿ ಇರಲಿಲ್ಲ. ಗಾಯದ ಹಿಂದೆ ಇದ್ದದ್ದರಲ್ಲಿ ಇತ್ತು.

ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1991-92ರಲ್ಲಿ ಹುಟ್ಟಿದ ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯ್ತು. ಅಲ್ಲಿ ಮನೆಯ ಸ್ಥಿತಿಗತಿಯಂಥ ಹಿನ್ನೆಲೆ ಲೆಕ್ಕ ಹಾಕಿದ ಮೇಲೂ, 16ರಲ್ಲಿ ನೋಯಿಸಿಕೊಂಡವರಿಗೆ ಮುಂದೆ ತೊಂದರೆ ಹೆಚ್ಚು ಕಂಡಿತು. ಸಾಯುವ ಯೋಚನೆಯಿಂದ ಮಾಡಿಕೊಂಡವರಲ್ಲಿ ಇನ್ನೂ ಹೆಚ್ಚು. ಯಾವ ಹಿನ್ನೆಲೆ ಸೇರಿಸಿದರು, ಯಾವುದು ಬಿಟ್ಟರು ಅನ್ನುವುದರ ಮೇಲೆ ಉತ್ತರ ನಿಂತಿರುತ್ತದೆ. ಆದ್ದರಿಂದ ‘ಸಂಶೋಧನೆ ಹೇಳಿದೆ’ ಅಂತ ವಾಟ್ಸಾಪ್‌ನಲ್ಲಿ ಮೆಸೇಜ್ ಬಂದರೆ ಮೊದಲು ಕೇಳಬೇಕಾದ್ದು, ಯಾರ ಜೊತೆ ಹೋಲಿಸಿದರು, ಏನೇನು ಲೆಕ್ಕಕ್ಕೆ ತಗೊಂಡರು ಅಂತ.

ಎರಡು ತಪ್ಪು

ಇದರಿಂದ ಮನೆಯವರು ಮಾಡುವ ಎರಡು ತಪ್ಪು ಸ್ಪಷ್ಟವಾಗುತ್ತದೆ.

ಮೊದಲನೆಯದು, ಹಣೆಪಟ್ಟಿ ಕಟ್ಟುವುದು. ‘ಇವಳು ಹಿಂಗೇ, ಇವಳಿಗೆ ತಲೆ ಸರಿಯಿಲ್ಲ, ಶಾಲೆ ಬಿಡಿಸಿ’ ಅನ್ನುವುದು. ಹತ್ತರಲ್ಲಿ ಒಂಬತ್ತು ಮಕ್ಕಳು ದಾಟಿಕೊಂಡು ಬರುವ ದಾರಿಯಲ್ಲಿ ನಾವೇ ಗೋಡೆ ಕಟ್ಟಿದ ಹಾಗಾಗುತ್ತದೆ.

ಎರಡನೆಯದು, ‘ವಯಸ್ಸಿನ ಹುಡುಗಾಟ, ಸುಮ್ಮನೆ ನಾಟಕ, ಬಿಟ್ಟರೆ ಸರಿಹೋಗುತ್ತೆ’ ಅನ್ನುವುದು. ಬೆಂಗಳೂರಿನ ಅಧ್ಯಯನದಲ್ಲಿ ಹಿಂದಿನ ಪ್ರಯತ್ನವೇ ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆಯಾಗಿ ಕಂಡಿತ್ತು ಅನ್ನುವುದನ್ನು ಮರೆಯಬಾರದು. ಎಲ್ಲ ಮಕ್ಕಳಿಗೂ ಅಪಾಯ ಒಂದೇ ಅಲ್ಲ. ಆದರೆ ಯಾವ ಮಗುವಿಗೆ ಹೆಚ್ಚು ಅಂತ ಹೊರಗಿನಿಂದ ನೋಡಿ ಹೇಳೋಕಾಗಲ್ಲ. ಅದಕ್ಕೇ ಪ್ರತಿ ಮಗುವನ್ನೂ ಕೂರಿಸಿಕೊಂಡು ಕೇಳಬೇಕು, ವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು.

ಪೊಲೀಸ್ ಕೇಸ್ ಆಗುತ್ತೆ ಅನ್ನುವ ಹೆದರಿಕೆಯಿಂದ ಆಸ್ಪತ್ರೆಗೆ ಹೋಗದವರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಪ್ರಯತ್ನ ಮಾಡಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದ ಅಂತಲೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. 2024ರ ಜುಲೈನಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ ಐಪಿಸಿ 309 ಕೂಡ ಇಲ್ಲ.

ಅಬ್ಬಿಗೆರೆಯ ಹಿನ್ನೆಲೆ ಬ್ರಿಸ್ಟಲ್‌ನದ್ದಲ್ಲ

ವಿದೇಶದ ಅಧ್ಯಯನ ನೋಡಿ ಕಲಿಯಬಹುದು, ಅಲ್ಲಿನ ಹಿನ್ನೆಲೆಯನ್ನೇ ಇಲ್ಲಿಗೆ ತಂದು ಅಂಟಿಸೋಕಾಗಲ್ಲ. ಅಬ್ಬಿಗೆರೆ, ಚಿಕ್ಕಬಾಣಾವರ, ಕಮ್ಮಗೊಂಡನಹಳ್ಳಿ ಕಡೆಯ ಬಾಡಿಗೆ ಮನೆಗಳಲ್ಲಿ ಇರುವವರಲ್ಲಿ ಪೀಣ್ಯದ ಫ್ಯಾಕ್ಟರಿಗೆ ಶಿಫ್ಟ್ ಮೇಲೆ ಹೋಗುವವರು, ಗಾರ್ಮೆಂಟ್ಸ್‌ಗೆ ಹೋಗುವವರು, ಉತ್ತರ ಕರ್ನಾಟಕದಿಂದ, ಹೊರ ರಾಜ್ಯಗಳಿಂದ ಕೆಲಸ ಹುಡುಕಿಕೊಂಡು ಬಂದವರು ಸಾಕಷ್ಟು ಮಂದಿ. ಅಪ್ಪನದು ನೈಟ್ ಶಿಫ್ಟ್ ಆದರೆ ಮಗ ಅಪ್ಪನ ಮುಖ ನೋಡುವುದು ಭಾನುವಾರ. ಮನೆ ಬದಲಾದಾಗ ಶಾಲೆ ಬದಲು, ಸ್ನೇಹಿತರು ಬದಲು. ಊರಲ್ಲಿ ಕನ್ನಡ ಮೀಡಿಯಂ ಓದಿದ ಹುಡುಗಿ ಇಲ್ಲಿ ಇಂಗ್ಲಿಷ್ ಮೀಡಿಯಂ ಕೊನೆ ಬೆಂಚಲ್ಲಿ ಮಾತಿಲ್ಲದೆ ಕೂರುತ್ತಾಳೆ. ಊರಲ್ಲಾದರೆ ಅಜ್ಜಿ ಇದ್ದಳು, ಚಿಕ್ಕಮ್ಮ ಇದ್ದಳು. ಇಲ್ಲಿ ಬಾಗಿಲು ಹಾಕಿದರೆ ನಾಲ್ಕು ಗೋಡೆ.

ಸಾಲದ ವಿಷಯವೂ ಇದೆ. ಚೀಟಿ ಕಟ್ಟಬೇಕು, ಸಂಘದ ಕಂತು ಕಟ್ಟಬೇಕು. ಮೈಕ್ರೋಫೈನಾನ್ಸ್ ವಸೂಲಿಯವರ ಕಿರುಕುಳ ತಡೆಯೋಕೆ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಅದನ್ನು ಸಾಲಗಾರರ ಕಾನೂನು ಅಂತ ಮಾತ್ರ ನೋಡಿದೆವು. ವಸೂಲಿಯವರು ಬಾಗಿಲು ಬಡಿಯುವಾಗ ಒಳಗೆ ಕೂತು ಹೋಂವರ್ಕ್ ಮಾಡುವ ಮಗುವಿಗೂ ಅದು ಸಂಬಂಧಪಟ್ಟ ಕಾನೂನೇ. ಮಕ್ಕಳ ಮನಸ್ಸಿನ ಬಗ್ಗೆ ಮಾತಾಡುವಾಗ ಕೌನ್ಸೆಲಿಂಗ್ ಒಂದೇ ಪರಿಹಾರ ಅಲ್ಲ ಅನ್ನೋದು ಇದಕ್ಕೇ.

ಇಂಥ ನಮ್ಮದೇ ಹಿನ್ನೆಲೆಗಳನ್ನು ಬರೆದಿಡುವ ಕೆಲಸ ಕರ್ನಾಟಕದಲ್ಲಿ ಶುರುವಾಗಿದೆ. ನಿಮ್ಹಾನ್ಸ್ ಮುಂದಾಳತ್ವದ ‘ಸಿ-ವೇದ’ ಅಧ್ಯಯನ ಬೆಂಗಳೂರು, ಮೈಸೂರು ಸೇರಿ ದೇಶದ ಹಲವು ಕಡೆ 6ರಿಂದ 23 ವರ್ಷದ ಸಾವಿರಾರು ಮಕ್ಕಳು, ಯುವಕರ ಮಾಹಿತಿ ಸಂಗ್ರಹಿಸಿದೆ. ಮನೆಯ ಬಡತನ, ಬಾಲ್ಯದ ಕಷ್ಟಗಳ ಜೊತೆಗೆ ಪರಿಸರದ ವಿಷವಸ್ತುಗಳನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇಂಥ ಕೆಲಸ ನಿಧಾನದ್ದು. ಮಗು ಬೆಳೆಯುವಷ್ಟೇ ಸಮಯ ಬೇಕು.

ಸರ್ಕಾರ ಮಾಡುವುದು, ಮಾಡಬೇಕಾದದ್ದು

ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಬರೆಯುವ ಅವಕಾಶ 2024ರಿಂದ ಬಂದಿದೆ. ಪಾಸಾಗಲು ಬೇಕಾದ ಅಂಕವನ್ನು ಶೇ. 35ರಿಂದ 33ಕ್ಕೆ ಇಳಿಸುವ ತೀರ್ಮಾನ 2025ರ ಅಕ್ಟೋಬರ್‌ನಲ್ಲಿ ಆಯಿತು. ಮಕ್ಕಳಿಗೆ ಉಸಿರಾಡಲು ಜಾಗ ಸಿಕ್ಕಿತು, ಒಳ್ಳೆಯದೇ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಸೋಷಿಯಲ್ ಮೀಡಿಯಾ ಖಾತೆ ಇಲ್ಲ. ಇಲ್ಲೂ ಅಂಥ ಕಾನೂನಿನ ಮಾತು ಕೇಳಿಬಂದಿದೆ.

ಇವೆಲ್ಲ ಕೊನೆಯ ತಂಬಿಗೆಯನ್ನು ತಡೆಯುವ ಪ್ರಯತ್ನ. ತಪ್ಪಲ್ಲ. ಆದರೆ ಕೊಡ ತುಂಬಿಸುವ ಕುಡಿತ, ಹೊಡೆತ, ಸಾಲ, ಗುರುತಿಸದ ಖಿನ್ನತೆ ಹಾಗೇ ಉಳಿದರೆ ನಾಳೆ ಇನ್ನೊಂದು ತಂಬಿಗೆ ಬರುತ್ತದೆ. ಶಾಲೆಯಲ್ಲಿ ಮಕ್ಕಳ ಮಾತು ಕೇಳೋಕೆ ಅಂತಲೇ ಒಬ್ಬರು ಇರಬೇಕು. ಪರೀಕ್ಷೆಗೆ ಮೊದಲ ವಾರದ ‘ಪ್ರೇರಣಾ ಭಾಷಣ’ದಿಂದ ಆ ಕೆಲಸ ಆಗಲ್ಲ.

ಪೇಪರ್, ವೆಬ್‌ಸೈಟ್‌ಗಳಿಗೂ ಜವಾಬ್ದಾರಿ ಇದೆ. ಭಾರತೀಯ ಪ್ರೆಸ್ ಕೌನ್ಸಿಲ್ 2019ರಲ್ಲೇ ಮಾರ್ಗಸೂಚಿ ಕೊಟ್ಟಿದೆ: ವಿಧಾನ ವಿವರಿಸಬೇಡಿ, ಸ್ಥಳ ವಿವರಿಸಬೇಡಿ, ರೋಚಕ ತಲೆಬರಹ ಬೇಡ. ‘ದ್ದಕ್ಕೆ’ ಬಿಟ್ಟು ಸುದ್ದಿ ಬರೆಯಲು ಕಲಿಯಬೇಕಾಗಿದೆ.

ಅಂಗಡಿಯವರ ಕಣ್ಣು

ಕೌನ್ಸೆಲರ್ ಇಲ್ಲದ ಕಡೆಯೂ ಅಂಗಡಿ ಇದೆ. ದಿನಾ ಸಂಜೆ ಪಫ್ ತಿನ್ನೋಕೆ ನಾಲ್ಕು ಜನ ಜೊತೆಗೆ ಬರುತ್ತಿದ್ದ ಹುಡುಗ ಒಬ್ಬನೇ ಬರೋಕೆ ಶುರುಮಾಡಿದ್ದು ಬೇಕರಿಯವರಿಗೆ ಮೊದಲು ಗೊತ್ತಾಗುತ್ತದೆ. ‘ಯಾಕೋ ಮಗಾ, ಈಚೆಗೆ ಮಾತೇ ಇಲ್ಲ?’ ಅಂತ ಕೇಳೋಕೆ ಡಿಗ್ರಿ ಬೇಡ. ಕೇಳಿದರೆ ಆ ಯೋಚನೆ ತಲೆಗೆ ಬರುತ್ತೆ ಅನ್ನುವ ಭಯವೂ ಬೇಡ, ಕೇಳಿದರೆ ಭಾರ ಇಳಿಯುತ್ತದೆ. ಹಾಗೇ, ರಾಜ್ಯದಲ್ಲಿ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ ಅಂತ 2025ರಲ್ಲಿ ಕಾನೂನು ಬಿಗಿಯಾಗಿದೆ. ಒಂದು ಸಿಗರೇಟಿನ ಲಾಭ ಬಿಟ್ಟರೆ ಒಂದು ಮಗುವಿನ ಹಿನ್ನೆಲೆಯಿಂದ ಒಂದು ಭಾರ ಕಡಿಮೆ.

ಮನೆಯಲ್ಲೂ ಇಷ್ಟೇ. ಫಲಿತಾಂಶದ ದಿನ ‘ಎಷ್ಟು ಬಂತು?’ ಅಂತ ಕೇಳುವ ಮೊದಲು ‘ಊಟ ಮಾಡ್ದಾ?’ ಅಂತ ಕೇಳಿದರೆ, ಮಾರ್ಕ್ಸ್ ಬಗ್ಗೆ ನಾಳೆ ಮಾತಾಡಬಹುದು.

ಸಹಾಯ ಬೇಕಿದ್ದರೆ: ಟೆಲಿ-ಮಾನಸ್ 14416, ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ತಕ್ಷಣದ ಅಪಾಯ ಇದ್ದರೆ 112ಕ್ಕೆ ಕರೆ ಮಾಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ‘ಮನೋಚೈತನ್ಯ’ ಕ್ಲಿನಿಕ್ ಇರುತ್ತದೆ. ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳ ಸ್ನೇಹಾ ಕ್ಲಿನಿಕ್‌ಗಳೂ ಇವೆ.